ಸೋಗಾನೆಯಿಂದ ಸಾಂಬ್ರಾಕ್ಕೆ

ನಮ್ಮಣ್ಣನ ಮಗ ವಾಯುಪಡೆಗೆ ಅಗ್ನಿವೀರನಾಗಿ ಸೇರಿದ್ದಾನೆ. ತರಬೇತಿ ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ. ಅಧಿಕಾರಿಗಳಾಗಿ ಅಲ್ಲದೆ ಏರ್‌ಮನ್‌ಗಳಾಗಿ ಸೇರುವ ಹುಡುಗರು ಮೊದಲು ಬೂಟು ಕಟ್ಟಿ ನಿಲ್ಲುವ ಜಾಗ ಅದು. ತರಬೇತಿ ಮುಗಿದ ದಿನ ಪರೇಡ್ ಇರುತ್ತದೆ, ಮನೆಯವರನ್ನೂ ಕರೆಯುತ್ತಾರೆ. ಡಿಸೆಂಬರಿನ ಒಂದು ಶನಿವಾರಕ್ಕೆ ನಮಗೂ ಕರೆ ಬಂತು.

ಅಡಿಕೆ ಕೊಯ್ಲಿನ ಸಮಯ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಸಿಕ್ಕಿದ ದಿನವೇ ಕೆಲಸ ಮಾಡಿಸಿಕೊಳ್ಳಬೇಕು. ಹಾಗಾಗಿ ಅಣ್ಣನಿಗೆ ತೋಟ ಬಿಟ್ಟು ಬರಲಾಗಲಿಲ್ಲ. ಹೊರಟವರು ಹುಡುಗನ ತಾಯಿ, ಅಂದರೆ ನಮ್ಮ ಅತ್ತಿಗೆ, ನಮ್ಮ ಸೋದರಮಾವ, ಮತ್ತು ನಾನು. ಹೈದರಾಬಾದಿನಲ್ಲಿರುವ ನನ್ನ ತಂಗಿ ವಿಮಾನದಲ್ಲಿ ಶಿವಮೊಗ್ಗಕ್ಕೆ ಬಂದು ನಮ್ಮ ಜೊತೆ ಸೇರುವುದು ಎಂದಾಯಿತು. ಕಾರು ಓಡಿಸುವುದು ನನ್ನ ಪಾಲಿಗೆ ಬಂತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸಾಂಬ್ರಾ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದ ಇತ್ತು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಮಾಡಿದ ವಿಮಾನ ನಿಲ್ದಾಣ ಅದು. ಮಾವನಿಗೆ ಬೇರೆಯದೇ ಕಾರಣ. ಅವರು ವಾಯುಪಡೆಯಲ್ಲಿ ರೇಡಿಯೋ ಫಿಟ್ಟರ್ ಆಗಿದ್ದವರು. ಎಪ್ಪತ್ತರ ದಶಕದಲ್ಲಿ ಅವರ ಮೊದಲ ಕವಾಯತು ನಡೆದದ್ದೂ ಸಾಂಬ್ರಾದಲ್ಲೇ.

ಗುರುವಾರ

ತೀರ್ಥಹಳ್ಳಿಯಿಂದ ಬೆಳಿಗ್ಗೆ ಬೇಗ ಹೊರಟೆವು. ಮಂಡಗದ್ದೆವರೆಗೂ ಮಂಜು. ಪಕ್ಕದಲ್ಲೇ ಹರಿಯುವ ತುಂಗೆ ಕಾಣಲಿಲ್ಲ. ಸಕ್ರೆಬೈಲು ದಾಟಿ ಗಾಜನೂರಿಗೆ ಬಂದಾಗ ತಂಗಿಯ ಫೋನು. ಶಿವಮೊಗ್ಗದಲ್ಲಿ ಮಂಜು ಇದೆಯಂತೆ, ವಿಮಾನ ಹೈದರಾಬಾದಿನಿಂದಲೇ ತಡವಾಗಿ ಹೊರಡುತ್ತದಂತೆ.

"ಇಳಿಯೋಕೆ ರನ್‌ವೇ ಕಣ್ಣಿಗೆ ಕಾಣ್ಬೇಕಲ್ಲ ಮಾರಾಯ್ತಿ" ಎಂದರು ಮಾವ. ಆಮೇಲೆ ಶಿವಮೊಗ್ಗ ಬರುವವರೆಗೂ ಅದೇ ಮಾತು. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಬಳಿಯಿಂದ ರೇಡಿಯೋ ಕಿರಣ ಬಿಡುತ್ತಾರೆ. ಒಂದು ಕಿರಣ ಎಡ ಬಲ ಹೇಳುತ್ತದೆ, ಇನ್ನೊಂದು ಇಳಿಜಾರು ಹೇಳುತ್ತದೆ. ಪೈಲಟ್ ಮೋಡದ ಒಳಗಿದ್ದರೂ ಆ ಎರಡನ್ನು ಹಿಡಿದು ಕೆಳಗೆ ಬರಬಹುದು. ಆದರೂ ಇಂತಿಷ್ಟು ಎತ್ತರಕ್ಕೆ ಬಂದಾಗ ನೆಲ ಕಾಣಲೇಬೇಕು. ಕಾಣದಿದ್ದರೆ ಮತ್ತೆ ಮೇಲೇರಬೇಕು. ಉಪಕರಣ ಕಡಿಮೆ ಇದ್ದಷ್ಟೂ ಆ ಎತ್ತರ ಜಾಸ್ತಿ ಇಟ್ಟಿರುತ್ತಾರೆ. ಮಲೆನಾಡಿನ ಮಳೆಗಾಲದ ಮೋಡಕ್ಕೆ, ಚಳಿಗಾಲದ ಮಂಜಿಗೆ ಇದನ್ನು ಹೊಂದಿಸಿ ನೋಡಿದರೆ ವಿಮಾನ ಯಾಕೆ ತಡ, ಯಾಕೆ ವಾಪಸ್ ಹೋಯಿತು ಎನ್ನುವುದು ಅರ್ಥವಾಗುತ್ತದೆ.

ಶಿವಮೊಗ್ಗದ ನಿಲ್ದಾಣ ಇರುವುದು ಊರಿಂದ ಸ್ವಲ್ಪ ಆಚೆ, ಸೋಗಾನೆಯಲ್ಲಿ. ನಮ್ಮ ಜಿಲ್ಲೆಯವರಿಗೆ ಮೊದಲೆಲ್ಲ ಸೋಗಾನೆ ಎಂದರೆ ಸೆಂಟ್ರಲ್ ಜೈಲು. ಈಗ ಏರ್‌ಪೋರ್ಟ್. 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದು ಇಳಿಯಿತು. ಕುವೆಂಪು ಅವರ ಹೆಸರು ಇಟ್ಟಿದ್ದಾರೆ. ಟರ್ಮಿನಲ್ ತಾವರೆಯ ಆಕಾರದ್ದು. ಸುಮಾರು 450 ಕೋಟಿ ರೂಪಾಯಿಯ ಕೆಲಸ. ರಾಜ್ಯ ಸರ್ಕಾರವೇ ನಡೆಸುವ ನಿಲ್ದಾಣ ಎನ್ನುವುದು ಇದರ ವಿಶೇಷ.

ಟರ್ಮಿನಲ್ ಪುಟ್ಟದು, ರನ್‌ವೇ ಮಾತ್ರ 3.2 ಕಿಲೋಮೀಟರ್ ಉದ್ದ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟು ಉದ್ದದ್ದು ಇಲ್ಲ. ಬೆಂಗಳೂರಿನಿಂದ ಬರುವ ಪಂಖದ ಎಟಿಆರ್ ವಿಮಾನಕ್ಕೆ ಇದರ ಅರ್ಧವೂ ಬೇಡ ಎಂದು ಮಾವ ಹೇಳಿದರು. ಮುಂದೆ ಏರ್‌ಬಸ್, ಬೋಯಿಂಗ್ ಬರಲಿ ಎಂದೇ ಇಷ್ಟು ಉದ್ದ ಮಾಡಿದ್ದು. ನನಗೆ ಇದು ಸರಿ ಅನ್ನಿಸುತ್ತದೆ. ರನ್‌ವೇಯನ್ನು ಆಮೇಲೆ ಉದ್ದ ಮಾಡುವುದು ಸುಲಭವಲ್ಲ. ಅಷ್ಟರಲ್ಲಿ ಸುತ್ತಲೂ ಮನೆ ಎದ್ದಿರುತ್ತವೆ, ಮತ್ತೆ ಯಾರದೋ ಜಮೀನು ಹೋಗಬೇಕಾಗುತ್ತದೆ.

ವಿಮಾನ ಬರುವವರೆಗೆ ಸಮಯ ಇತ್ತಲ್ಲ, ರಸ್ತೆ ಬದಿಯ ಮರದ ಕೆಳಗೆ ನಿಂತೆವು. ಅಲ್ಲಿ ಒಬ್ಬ ಹೆಂಗಸು ಬೇಯಿಸಿದ ಕಡ್ಲೆಕಾಯಿ ಮಾರುತ್ತಿದ್ದರು. ಅತ್ತಿಗೆ ಕಡ್ಲೆಕಾಯಿ ತಗೊಂಡು ಮಾತಿಗೆ ಕೂತರು.

"ನಿಮ್ದು ಇದೇ ಊರೇನಮ್ಮ?"

"ಹ್ಞೂಂ ಕಣಮ್ಮ. ಆ ಬೇಲಿ ಒಳಗೆ, ವಿಮಾನ ಇಳೀತದಲ್ಲ, ಅಲ್ಲೇ ನಮ್ಮ ಹೊಲ ಇದ್ದಿದ್ದು. ಮೆಕ್ಕೆಜೋಳ ಹಾಕ್ತಿದ್ವಿ."

"ಪಟ್ಟಾ ಇತ್ತಾ?"

"ಎಲ್ಲಿಂದ? ಬಗರ್ ಹುಕುಂ. ನಮ್ಮ ಮಾವನ ಕಾಲದಿಂದ ಉಳ್ತಾ ಇದ್ವಿ."

ಅತ್ತಿಗೆ ಮತ್ತೇನೂ ಕೇಳಲಿಲ್ಲ. ಆ ಪ್ರಶ್ನೆ ಅವರಿಗೆ ಯಾಕೆ ಬಂತು ಎಂದು ನನಗೆ ಗೊತ್ತಿತ್ತು. ಅತ್ತಿಗೆಯ ತವರು ಸಾಗರ ತಾಲ್ಲೂಕಿನ ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮನೆ, ಗದ್ದೆ ಎಲ್ಲ ಮುಳುಗಿದ ಕುಟುಂಬ. ಅವರ ಬಂಧುಗಳಲ್ಲಿ ಹಲವರನ್ನು ಶಿವಮೊಗ್ಗ, ಭದ್ರಾವತಿ ಕಡೆಗೆ ಸಾಗಿಸಿದರು. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಸಿಗದೆ ಮೂರನೇ ತಲೆಮಾರೂ ಅಲೆಯುತ್ತಿದೆ. ಪಟ್ಟಾ ಇಲ್ಲದ ನೆಲದಲ್ಲಿ ಉಳುವುದು ಅಂದರೆ ಏನು ಅಂತ ಅವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಸೋಗಾನೆಯಲ್ಲಿ ಜಮೀನು ಬಿಟ್ಟುಕೊಟ್ಟವರು ನಿವೇಶನಕ್ಕಾಗಿ, ಮಕ್ಕಳಿಗೆ ಕೆಲಸಕ್ಕಾಗಿ ಕೇಳುತ್ತಲೇ ಬಂದಿದ್ದಾರೆ. ನನ್ನದು ಇನ್ನೊಂದು ಬೇಡಿಕೆ ಇದೆ. ಅಲ್ಲಿ ಯಾರು ಯಾರು ಉಳುತ್ತಿದ್ದರು ಎಂದು ಹೆಸರು ಬರೆದ ಒಂದು ಹಲಗೆ ಟರ್ಮಿನಲ್ ಒಳಗೆ ಇರಬೇಕು. ಉದ್ಘಾಟನೆಯ ಕಲ್ಲಿನ ಪಕ್ಕದಲ್ಲೇ ಇರಬೇಕು. ಒಂದು ಗೋಡೆಯಷ್ಟು ಜಾಗ ಸಾಕು.

ಹತ್ತು ಗಂಟೆ ದಾಟಿದ ಮೇಲೆ ಬಿಸಿಲು ಬಂತು. ಮಂಜು ಕರಗಿತು. ಕಡ್ಲೆಕಾಯಿ ಮಾರುವವರೇ ಮೊದಲು ಶಬ್ದ ಹಿಡಿದದ್ದು. "ಬಂತು ನೋಡಿ" ಎಂದು ಕೈ ತೋರಿಸಿದರು. ನಮಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಮಾವ ಟೋಪಿ ತೆಗೆದು ಕಣ್ಣಿಗೆ ಅಡ್ಡ ಹಿಡಿದು, ಚಕ್ರ ನೆಲ ಮುಟ್ಟುವವರೆಗೂ ಮಾತಾಡದೆ ನಿಂತರು. ತಂಗಿ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ವಿಮಾನದಿಂದ ಇಳಿದು ಕಾರು ಹತ್ತಲು ಅವಳಿಗೆ ಹತ್ತು ನಿಮಿಷವೂ ಆಗಿರಲಿಲ್ಲ. ಸಣ್ಣ ನಿಲ್ದಾಣದ ಸುಖ ಇದು. ಆ ರಾತ್ರಿ ಶಿವಮೊಗ್ಗದಲ್ಲಿ ಬಂಧುಗಳ ಮನೆಯಲ್ಲಿ ಉಳಿದೆವು.

ಶುಕ್ರವಾರ

ಬೆಳಗಾವಿಗೆ ಹೋಗಲು ನೇರ ಹೆದ್ದಾರಿ ಇದೆ. ನಾನು ಹಟ ಹಿಡಿದು ಶಿಕಾರಿಪುರದ ದಾರಿ ಹಿಡಿಸಿದೆ. ಸಾಂಬ್ರಾ ಹುಟ್ಟಿದ ವರ್ಷವೇ ನಮ್ಮ ಜಿಲ್ಲೆಯ ಒಂದು ಹಳ್ಳಿ ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡಿತ್ತು. ಆ ಹಳ್ಳಿ ನೋಡದೆ ಆ ನಿಲ್ದಾಣಕ್ಕೆ ಹೋಗುವುದು ನನಗೆ ಸರಿ ಕಾಣಲಿಲ್ಲ.

ಈಸೂರು ದೊಡ್ಡ ಊರಲ್ಲ. ಗದ್ದೆ ಕೊಯ್ಲು ನಡೆದಿತ್ತು. ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು ಎದುರಾಗುತ್ತಿದ್ದವು. ವೀರಭದ್ರ ದೇವರ ಗುಡಿ, ಹುತಾತ್ಮರ ಸ್ಮಾರಕ ನೋಡಿದೆವು. 1942ರ ಆಗಸ್ಟ್‌ನಲ್ಲಿ ಗಾಂಧೀಜಿ 'ಭಾರತ ಬಿಟ್ಟು ತೊಲಗಿ' ಎಂದರು. ಸೆಪ್ಟೆಂಬರ್ ಹೊತ್ತಿಗೆ ಈಸೂರಿನವರು ಗುಡಿಯ ಮೇಲೆ ಬಾವುಟ ಹಾರಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಕಂದಾಯ ಕೊಡುವುದಿಲ್ಲ ಎಂದರು. ಲೆಕ್ಕದ ಪುಸ್ತಕ ಕಿತ್ತುಕೊಂಡರು. ಊರಿನ ಚಿಕ್ಕ ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಪೊಲೀಸ್ ಅಧಿಕಾರಿ ಎಂದು ಕೂರಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತು ಆಗಿನದು. ಸರ್ಕಾರದ ಅಮಲ್ದಾರ ಮತ್ತು ಪೊಲೀಸರು ಬಂದಾಗ ಘರ್ಷಣೆ ಆಯಿತು. ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಆಮೇಲೆ ಪಡೆ ಬಂತು. ಜನ ಕಾಡಿಗೆ ಓಡಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ.

ಈ ಹೆಸರುಗಳನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಜೋರಾಗಿ ಓದಿಸುತ್ತೇನೆ. ಅವತ್ತು ಸ್ಮಾರಕದ ಎದುರು ಅತ್ತಿಗೆ ತಾವಾಗಿಯೇ ಓದಿದರು. ಮಗ ಸಮವಸ್ತ್ರ ಹಾಕುವ ಹಿಂದಿನ ದಿನ.

ಕಾರಿನಲ್ಲಿ ತಂಗಿ ಒಂದು ಪ್ರಶ್ನೆ ಕೇಳಿದಳು. ಯುದ್ಧ ನಡೆದದ್ದು ಬರ್ಮಾದಲ್ಲಿ. ವಿಮಾನ ನಿಲ್ದಾಣ ಬೆಳಗಾವಿಯಲ್ಲಿ ಯಾಕೆ? ಒಳ್ಳೆಯ ಪ್ರಶ್ನೆಯೇ. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಜಪಾನಿನ ಕೈ ಸೇರಿತು. ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಏಪ್ರಿಲ್ 5ಕ್ಕೆ ಕೊಲಂಬೊ ಮೇಲೆ ಬಾಂಬು, ಮರುದಿನ ವಿಶಾಖಪಟ್ಟಣ, ಕಾಕಿನಾಡ. 9ಕ್ಕೆ ತ್ರಿಂಕೋಮಲಿ. ಪೂರ್ವ ಕರಾವಳಿಯಲ್ಲಿ ಏನಿಟ್ಟರೂ ಅಪಾಯ ಎನ್ನುವ ಸ್ಥಿತಿ. ಹುಡುಗರಿಗೆ ತರಬೇತಿ ಕೊಡಲು, ಪೂರ್ವದ ಯುದ್ಧಕ್ಕೆ ಹಿಂದಿನಿಂದ ಬೆಂಬಲ ಕೊಡಲು ಒಳನಾಡಿನಲ್ಲಿ ಜಾಗ ಬೇಕಿತ್ತು. ಬೀದರ್, ಯಲಹಂಕದ ವಾಯುನೆಲೆಗಳೂ ಅದೇ ಕಾಲದವು. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೈನ್ಯದ ವಿಮಾನ ರಿಪೇರಿ ಮಾಡುವ ಜಾಗ ಆಯಿತು. ಬೆಳಗಾವಿಯಲ್ಲಿ ಮೊದಲೇ ದಂಡಿನ ಪ್ರದೇಶ ಇತ್ತು, ರೈಲು ಇತ್ತು, ಸಾಂಬ್ರಾದ ಹತ್ತಿರ ಬಯಲು ಇತ್ತು.

ಆಗ ಜಮೀನು ಕೇಳುವ ಪದ್ಧತಿಯೂ ಬೇರೆ. 1939ರ ಭಾರತ ರಕ್ಷಣಾ ಕಾಯ್ದೆಯ ಬಲದಿಂದ ಸರ್ಕಾರಕ್ಕೆ ಯುದ್ಧದ ಕೆಲಸಕ್ಕೆ ಬೇಕಾದ ನೆಲ, ಕಟ್ಟಡ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಇತ್ತು. ಒಂದೇ ವರ್ಷದಲ್ಲಿ ಒಂದು ಕಡೆ ನೆಲ ಬಿಡಿ ಎಂದು ಹೇಳಿ ರನ್‌ವೇ ಹಾಸುತ್ತಿದ್ದರು. ಇನ್ನೊಂದು ಕಡೆ ಈಸೂರಿನವರು ನಮ್ಮ ನೆಲದ ಲೆಕ್ಕ ನಾವೇ ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ನೇಣಿಗೇರಿದರು. ಈ ಎರಡನ್ನೂ ಒಟ್ಟಿಗೆ ಮಕ್ಕಳಿಗೆ ಹೇಳಬೇಕು. ನಮ್ಮ ಪಾಠದಲ್ಲಿ ಮಹಾಯುದ್ಧ ಒಂದು ಅಧ್ಯಾಯ, ಸ್ವಾತಂತ್ರ್ಯ ಹೋರಾಟ ಇನ್ನೊಂದು. ಎರಡೂ ಒಂದೇ ಕಾಲದ್ದು ಅಂತ ಮಕ್ಕಳಿಗೆ ಹೊಳೆಯುವುದೇ ಇಲ್ಲ.

ಶಿಕಾರಿಪುರ ದಾಟಿದ ಮೇಲೆ ಅಡಿಕೆ ತೋಟ ಕಡಿಮೆಯಾಗಿ ಮೆಕ್ಕೆಜೋಳ, ಹತ್ತಿ ಶುರು. ಹಾವೇರಿ ಹತ್ತಿರ ಹೆದ್ದಾರಿ ಸೇರಿ, ಹುಬ್ಬಳ್ಳಿ, ಧಾರವಾಡ, ಕಿತ್ತೂರು ಹಾದು ಕತ್ತಲಾಗುವ ಮೊದಲು ಬೆಳಗಾವಿ ತಲುಪಿದೆವು. ಅಲ್ಲಿಯ ಚಳಿ ನಮ್ಮೂರಿನದಕ್ಕಿಂತ ಒಣ. ಊಟ ಆದ ಮೇಲೆ ಕುಂದಾ ತಿಂದೆವು. ಮಾವ ಬೇಗ ಮಲಗಿದರು. ಬೂಟಿಗೆ ಪಾಲಿಶ್ ಹಾಕಿಟ್ಟೇ ಮಲಗಿದ್ದು.

ಶನಿವಾರ

ಸಾಂಬ್ರಾ ಊರಿಂದ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯಲ್ಲಿ. ಗೇಟಿನಲ್ಲಿ ಫೋನುಗಳನ್ನು ಇಟ್ಟುಕೊಂಡರು. ಒಳಗಿನ ವಿಷಯ ಜಾಸ್ತಿ ಬರೆಯುವುದು ಸರಿಯಲ್ಲ, ಸೈನ್ಯದ ಜಾಗ ಅದು. ನೋಡಿದ್ದರಲ್ಲಿ ಒಂದಿಷ್ಟು ಮಾತ್ರ ಹೇಳುತ್ತೇನೆ.

ನಮ್ಮ ಸುತ್ತ ರಾಜಸ್ಥಾನದವರು, ಹರಿಯಾಣದವರು, ಬಿಹಾರದವರು, ಕೇರಳದವರು. ಹಲವರು ಮೂರು ದಿನ ರೈಲಿನಲ್ಲಿ ಬಂದಿದ್ದರು. ನನ್ನ ಪಕ್ಕದ ಅಜ್ಜಿಗೆ ಅವರ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಅತ್ತಿಗೆಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಬೆರಳು ತೋರಿಸಿ ತಮ್ಮ ತಮ್ಮ ಹುಡುಗನನ್ನು ಹುಡುಕಿಕೊಂಡರು. ನೀಲಿ ಸಾಲುಗಳು ಬ್ಯಾಂಡಿನ ಜೊತೆ ಬಂದಾಗ ಯಾರು ಯಾರೆಂದು ತಿಳಿಯುವುದು ಕಷ್ಟ. ಎಲ್ಲರ ತಲೆ ಒಂದೇ ಥರ, ಎಲ್ಲರ ತೋಳು ಒಂದೇ ಎತ್ತರಕ್ಕೆ ಏಳುತ್ತದೆ. ಮಾವ ಮಾತ್ರ ಥಟ್ಟನೆ ಹಿಡಿದರು. "ಎಡದಿಂದ ಎರಡನೇ ಸಾಲು. ಹಿಮ್ಮಡಿ ಊರೋದು ನೋಡು, ನಿಮ್ಮಣ್ಣನ ನಡಿಗೆಯೇ" ಎಂದರು.

ಹಿಂದಿಯಲ್ಲಿ ಆಜ್ಞೆ. ತಿರುಗಿದರು, ನಿಂತರು, ಪ್ರಮಾಣ ಮಾಡಿದರು. ಅತ್ತಿಗೆ ಅಳಲಿಲ್ಲ. ಮಾವ ಅತ್ತರು.

ಪರೇಡ್ ಮುಗಿದ ಮೇಲೆ ಹುಡುಗ ಓಡಿ ಬಂದ. ಸಣ್ಣಗಾಗಿದ್ದ, ಮುಖ ಬಿಸಿಲಿಗೆ ಕಪ್ಪಾಗಿತ್ತು. ಅತ್ತಿಗೆ ತಂದಿದ್ದ ಚಕ್ಕುಲಿ, ಕೋಡುಬಳೆ ಗೆಳೆಯರಿಗೆಲ್ಲ ಹಂಚಿದ. ಮುಂದಿನ ತರಬೇತಿಯ ಬಗ್ಗೆ ಮಾವ ಕೇಳಿದರು. ಅವನಿಗೆ ತಾಂತ್ರಿಕ ವಿಭಾಗ ಸಿಕ್ಕಿದೆ. ಇಬ್ಬರೂ ಮಾತಿಗೆ ನಿಂತರೆ ನಮಗೆ ಒಂದಕ್ಷರ ತಿಳಿಯಲಿಲ್ಲ.

ಖುಷಿಯ ದಿನ ಆದರೂ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಲೇಬೇಕು. ಮಾವ ಇಪ್ಪತ್ತು ವರ್ಷ ಸೇವೆ ಮಾಡಿ ಪಿಂಚಣಿ ತಗೊಂಡು ಬಂದರು. ಅದರಿಂದಲೇ ಅವರ ಮನೆ ಎದ್ದಿತು, ಮಕ್ಕಳು ಓದಿದರು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕೇ ವರ್ಷ. ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರು ಒಂದಿಷ್ಟು ಹಣದೊಂದಿಗೆ ಮನೆಗೆ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ವಿಮಾನದ ಕೆಲಸ ಕಲಿತ ಹುಡುಗ ಊರಿಗೆ ಬಂದು ಏನು ಮಾಡಬೇಕು? ಸೋಗಾನೆಯಂಥ ನಿಲ್ದಾಣ ಹತ್ತಿರದಲ್ಲೇ ಇದೆ. ಅಲ್ಲಿ ಇಂಥ ಹುಡುಗರಿಗೆ ಜಾಗ ಮಾಡಿಡಬಹುದು. ಜಮೀನು ಬಿಟ್ಟವರ ಮಕ್ಕಳಿಗೂ, ಸೇವೆ ಮುಗಿಸಿ ಬಂದವರಿಗೂ. ಇದನ್ನು ಈಗಲೇ ಯೋಚಿಸಿದರೆ ನಾಲ್ಕು ವರ್ಷ ಸಾಕು.

ಭಾನುವಾರ

ತಂಗಿ ವಾಪಸ್ ಹೈದರಾಬಾದಿಗೆ ಸಾಂಬ್ರಾದಿಂದಲೇ ಹೋದಳು. ಹಾಗಾಗಿ ಪ್ರಯಾಣಿಕರ ಟರ್ಮಿನಲ್ ನೋಡಲು ಸಿಕ್ಕಿತು. ನಿಲ್ದಾಣ ಈಗ ಏರ್‌ಪೋರ್ಟ್ಸ್ ಅಥಾರಿಟಿಯದು, ಪಕ್ಕದಲ್ಲೇ ವಾಯುಪಡೆಯ ಶಾಲೆ. 2017ರ ಸೆಪ್ಟೆಂಬರ್‌ನಲ್ಲಿ ತೆರೆದ ಟರ್ಮಿನಲ್ ಚೊಕ್ಕವಾಗಿದೆ, ದೊಡ್ಡದಲ್ಲ. ಸಣ್ಣ ಊರುಗಳಿಗೂ ವಿಮಾನ ಬರಲಿ ಎಂದು ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆ ಬಂದ ಮೇಲೆ ಇಲ್ಲಿ ಓಡಾಟ ಹೆಚ್ಚಿತು. ಇನ್ನೂ ದೊಡ್ಡ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದ್ದಾರೆ. ರನ್‌ವೇ 2,300 ಮೀಟರ್‌. ಬೆಳೆಸುವಾಗ ಮತ್ತೆ ಸುತ್ತಲಿನ ಜಮೀನು ಬೇಕಾಯಿತು, ಸುಮಾರು 370 ಎಕರೆ.

ರನ್‌ವೇಯ ಸಂಖ್ಯೆಯ ಲೆಕ್ಕ ಮಾವ ಹೇಳಿಕೊಟ್ಟದ್ದು ಇಲ್ಲಿ. ಒಂದು ತುದಿಗೆ 08, ಇನ್ನೊಂದಕ್ಕೆ 26. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟರೆ ಸಿಗುವ ಅಂಕೆ ಅದು. 80 ಡಿಗ್ರಿ ಎಂದರೆ ಹೆಚ್ಚೂ ಕಡಿಮೆ ಪೂರ್ವ. 260 ಎಂದರೆ ಪಶ್ಚಿಮ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಹಾಗಾಗಿ ಪೂರ್ವದ ಕಡೆಯಿಂದ ಬಂದು ಘಟ್ಟಕ್ಕೆ ಮುಖ ಮಾಡಿ ಇಳಿಯುತ್ತವೆ. ಮುಂಗಾರಿನ ಗಾಳಿ ನೋಡಿಯೇ ರನ್‌ವೇಯ ದಿಕ್ಕು ಹಿಡಿದರೆ ಪೈಲಟ್‌ಗೆ ಸುಲಭ ಎಂದರು.

ಯುದ್ಧ ಮುಗಿದ ಮೇಲೆ ಸಾಂಬ್ರಾ ಸುಮ್ಮನೆ ಬಿದ್ದಿರಲಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಗೆ ವಾಯುಪಡೆಯ ಬಲವನ್ನು ಪುಣೆಯಲ್ಲಿ ಮತ್ತು ಇಲ್ಲಿ ಸೇರಿಸಿದ್ದರು. ಭೂಸೇನೆಯೂ ಬೆಳಗಾವಿಯಲ್ಲೇ ಜಮಾಯಿಸಿತ್ತು. ಗೋವಾದ ದಾಬೋಲಿಮ್ ನಿಲ್ದಾಣದ ಮೇಲೆ ಬಾಂಬು ಹಾಕುವಾಗ ರನ್‌ವೇ ಮಾತ್ರ ಕೆಡಿಸಿ, ಕಟ್ಟಡ ಮುಟ್ಟಬೇಡಿ ಎಂಬ ಆದೇಶ ಇತ್ತಂತೆ. ಆ ರಾತ್ರಿಯೇ ಪೋರ್ಚುಗೀಸರು ರನ್‌ವೇಗೆ ತೇಪೆ ಹಾಕಿ ಎರಡು ಪ್ರಯಾಣಿಕ ವಿಮಾನ ಕರಾಚಿಗೆ ಹಾರಿಸಿಕೊಂಡು ಹೋದರು. ಯುದ್ಧಕ್ಕೆಂದು ಪರದೇಶದವರು ಸಾಂಬ್ರಾ ಮಾಡಿದರು. ಇಪ್ಪತ್ತು ವರ್ಷದೊಳಗೆ ಅದೇ ನೆಲ ಇನ್ನೊಬ್ಬ ಪರದೇಶದವರನ್ನು ಕಳಿಸುವ ಕೆಲಸಕ್ಕೆ ಬಂತು. ಈಗ ಅಲ್ಲಿ ರೈತರ ಮಕ್ಕಳು ಕವಾಯತು ಕಲಿಯುತ್ತಾರೆ. ನೆಲವನ್ನು ಯಾರು ಯಾವ ಉದ್ದೇಶಕ್ಕೆ ತಗೊಂಡರೋ ಅದೇ ಅದರ ಕೊನೆಯ ಉಪಯೋಗ ಆಗಬೇಕಿಲ್ಲ. ಇದನ್ನು ನನ್ನ ಕಣ್ಣಾರೆ ನೋಡಿದೆ. ಆದರೆ 1942ರಲ್ಲಿ ಜಮೀನು ಬಿಟ್ಟ ಸಾಂಬ್ರಾದ ರೈತರ ಹೆಸರು ನಾನು ನೋಡಿದ ಗೋಡೆಗಳಲ್ಲಿ ಎಲ್ಲೂ ಇರಲಿಲ್ಲ. ಸೋಗಾನೆಯಲ್ಲಿ ಹೆಸರು ಬಲ್ಲವರು ಇನ್ನೂ ಇದ್ದಾರೆ. ಅಲ್ಲಿ ತಡ ಮಾಡಬಾರದು.

ತಂಗಿಯನ್ನು ಬಿಟ್ಟು ನಾವು ಖಾನಾಪುರದ ಕಡೆ ಹೊರಟೆವು. ವಾಪಸ್ ಹೆದ್ದಾರಿ ಬೇಡ, ಕಾಡಿನ ದಾರಿಯೇ ಇರಲಿ ಎಂದು ಮೂವರಿಗೂ ಅನ್ನಿಸಿತ್ತು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈ ಮುಗಿದೆವು. 1831ರ ಜನವರಿ 26ಕ್ಕೆ ಗಲ್ಲಿಗೇರಿಸಿದ್ದು. ತೊಟ್ಟಿಲು ಕಟ್ಟಿ ಹರಕೆ ಹೊತ್ತವರು ಬಹಳ. ಹಳಿಯಾಳ, ಯಲ್ಲಾಪುರ ದಾಟುವಾಗ ಮತ್ತೆ ನಮ್ಮ ಹಸಿರು ಸಿಕ್ಕಿತು. ರಾತ್ರಿ ಶಿರಸಿ.

ಸೋಮವಾರ

ಸಿದ್ದಾಪುರ ಮೇಲೆ ತಾಳಗುಪ್ಪ, ಅಲ್ಲಿಂದ ಸಾಗರ. ಅತ್ತಿಗೆಗೆ ಮನೆಗಿಂತ ಮೊದಲು ತವರಿಗೆ ಹೋಗಿ ತಾಯಿಗೆ ಸುದ್ದಿ ಹೇಳಬೇಕಿತ್ತು. ಮೊದಲಾಗಿದ್ದರೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಕಾಯುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ. ಸುಮಾರು ಅರವತ್ತು ವರ್ಷ ಆ ಕಡೆಯ ಜನ ಆಸ್ಪತ್ರೆಗೆ, ಕಾಲೇಜಿಗೆ ಲಾಂಚಿನ ಸಮಯ ನೋಡಿಕೊಂಡು ಬದುಕಿದರು. ನಾಡಿಗೆ ಕರೆಂಟು ಕೊಟ್ಟವರಿಗೆ ದಾರಿ ಸಿಗಲು ಇಷ್ಟು ವರ್ಷ ಬೇಕಾಯಿತು. ಸಂತೋಷದ ನಡುವೆಯೂ ನನಗೆ ಇದು ಚುಚ್ಚುತ್ತದೆ.

ಮಹಾಯುದ್ಧ ಇಲ್ಲಿಗೂ ತಟ್ಟಿತ್ತು. ಜೋಗದ ಮೊದಲ ವಿದ್ಯುತ್ ಯೋಜನೆಯ ಕೆಲಸ ಶುರುವಾದದ್ದು 1939ರಲ್ಲಿ. ಯುದ್ಧ ಬಂದು ತಡವಾಯಿತು. ಸ್ವಾತಂತ್ರ್ಯ ಬಂದ ಮೇಲೆಯೇ ಅಲ್ಲಿಂದ ಕರೆಂಟು ಹರಿದದ್ದು. ಅದಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು 1964ರಲ್ಲಿ ಮುಗಿದ ಲಿಂಗನಮಕ್ಕಿಯ ನೀರು ನುಂಗಿತು. ಅತ್ತಿಗೆಯ ಅಮ್ಮ ಆಗಿನ್ನೂ ಮದುವೆಯಾಗಿ ಬಂದ ಹೊಸ ಸೊಸೆ.

ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಫೋನಿನಲ್ಲಿ ಮೊಮ್ಮಗನ ಫೋಟೋ ನೋಡಿದರು. ಗೇಟಿನ ಹೊರಗೆ ತೆಗೆದದ್ದು.

"ಅವ ಇದ್ದ ಜಾಗ ಹ್ಯಾಂಗಿದ್ದು? ಯಾರ ಜಮೀನು ಅದು?" ಎಂದು ಕೇಳಿದರು.

ನಾವು ಮೂವರೂ ಮುಖ ನೋಡಿಕೊಂಡೆವು. ಪರೇಡ್ ಬಗ್ಗೆ, ಸಂಬಳದ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದೆವು. ನಾನು ಸಾಂಬ್ರಾದ ಕಥೆ ಹೇಳಿದೆ, ಸೋಗಾನೆಯ ಕಡ್ಲೆಕಾಯಿ ಮಾರುವವರ ಮಾತನ್ನೂ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿದರು. ಆಮೇಲೆ ಮುಳುಗಿದ ತಮ್ಮ ಊರಿನ ಮನೆಗಳ ಹೆಸರು ಒಂದೊಂದಾಗಿ ಹೇಳಲು ಶುರು ಮಾಡಿದರು. ಯಾವ ಮನೆ ಯಾವ ಕಡೆ, ಯಾರ ಗದ್ದೆ ಯಾರದಕ್ಕೆ ತಾಗಿ ಇತ್ತು, ಬಾವಿ ಎಲ್ಲಿ, ಯಾವ ಕುಟುಂಬ ಯಾವ ಊರಿಗೆ ಹೋಯಿತು. ನಾನು ಚೀಲದಿಂದ ಹಾಳೆ ತೆಗೆದು ಬರೆದುಕೊಂಡೆ. ಮಾವ ಇನ್ನೊಂದು ಹಾಳೆಯಲ್ಲಿ ನಕ್ಷೆ ಹಾಕಲು ಕೂತರು. ಉತ್ತರ ದಿಕ್ಕು ಯಾವುದು ಎಂದು ಅವರು ಮೂರು ಸಲ ಕೇಳಿದರು.

ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಹುಡುಗನಿಗೆ ಆಗ ರಜೆ ಸಿಕ್ಕರೆ ಕರೆದುಕೊಂಡು ಬನ್ನಿ, ಉಳಿದ ಮನೆಗಳನ್ನು ಅವನಿಗೇ ಬರೆಸುತ್ತೇನೆ ಎಂದರು ಅಜ್ಜಿ. ಮಾವ ಒಪ್ಪಿಕೊಂಡಿದ್ದಾರೆ. ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನು ಅದಕ್ಕೂ ಮೊದಲೇ ಸೋಗಾನೆಗೆ ಕರೆದೊಯ್ಯುತ್ತೇನೆ. ಹೆಡ್‌ಮಾಸ್ಟರ ಅನುಮತಿಗೆ ಅರ್ಜಿ ಬರೆದಾಗಿದೆ.